ಓದು ತಡೆದ ಶೈಂಡಲ್

ಪ್ರಾರ್ಥನಾಮಂದಿರದ ಶನಿವಾರದ ಊಟದಲ್ಲಿ ಪಿಂಖಸನ ತಟ್ಟೆಗೆ ಶೈಂಡಲ್ ಯಾವಾಗಲೂ ತಳ ಹತ್ತಿದ ಚೋಲೆಂಟನ್ನೇ ಬಡಿಸುತ್ತಿದ್ದಳು. ಸಬ್ಬತ್ ದಿನ ಬೆಂಕಿ ಹೊತ್ತಿಸುವಂತಿಲ್ಲವೆಂದು ಶುಕ್ರವಾರ ಹೊತ್ತು ಮುಳುಗುವ ಮೊದಲೇ ಒಲೆಗೇರಿಸಿ, ಶನಿವಾರ ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ ಬೇಯಲು ಬಿಡುವ ಮಾಂಸ, ಬಾರ್ಲಿ, ಕಾಳುಗಳ ಹಂಡೆ ಅದು. ಮಿಕ್ಕವರಿಗೆಲ್ಲ ನಡುವಿನ ಮೆತ್ತನೆಯ ಭಾಗ, ಅವನಿಗೆ ಕರಕಲು. ಎಲುಬು ಹಾಕಿದರೂ ಒಳಗಿನ ಮಜ್ಜೆಯನ್ನು ಮೊದಲೇ ತಟ್ಟಿ ತೆಗೆದ ಎಲುಬು. ಅವನೋ, ಒಂದು ದಿನವಾದರೂ ಮುಖ ಸಿಂಡರಿಸಿದವನಲ್ಲ. "ಅತ್ತೆ ಕೈಯಡುಗೆ ಅಂದ್ರೆ ಅಡುಗೆ. ಸೀದಿದ್ರೂ ರುಚಿ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತಟ್ಟೆ ಬಳಿದು ತಿನ್ನುತ್ತಿದ್ದ. ಆ ನಗು ಕಂಡಾಗಲೆಲ್ಲ ಶೈಂಡಲ್‌ಗೆ ಕೈಯಲ್ಲಿರುವ ಸೌಟಿನಿಂದಲೇ ಅವನ ಹಲ್ಲುದುರಿಸಬೇಕು ಅನ್ನಿಸುತ್ತಿತ್ತು.

ಅನ್ನಿಸದೆ ಇನ್ನೇನು? ಮಗಳು ಬ್ರಾಯ್ನಾ ಅವನ ಮನೆ ಬಿಟ್ಟು ಬಂದು ಏಳನೆಯ ಚಳಿಗಾಲ ನಡೆಯುತ್ತಿತ್ತು. ಬಟ್ಟೆ ಮುಚ್ಚುವ ಜಾಗ ನೋಡಿ ನೋಡಿ ಹೊಡೆಯುತ್ತಿದ್ದ ಮಹಾನುಭಾವ. ಬೀದಿಗೆ ಬಂದರೆ ಹೆಂಡತಿಯ ಚೀಲ ತಾನೇ ಹೊರುತ್ತಿದ್ದ. ಹಾಗಾಗಿ ಬ್ರಾಯ್ನಾಳ ಮಾತನ್ನು ನಂಬಿದವರು ಕಡಿಮೆ. ಸರ್ಕಾರದ ಕೋರ್ಟು ವಿಚ್ಛೇದನವನ್ನೇನೋ ಕೊಟ್ಟಿತು. ಆದರೆ ನಮ್ಮ ಯೆಹೂದಿ ಜನಕ್ಕೆ ಅದು ರದ್ದಿ ಕಾಗದ. ಗಂಡ ತಾನಾಗಿ, ಮನಸಾರೆ, ಹೆಂಡತಿಯ ಬೊಗಸೆಗೆ ಸೋಡಚೀಟಿ ಹಾಕಬೇಕು. ಹಾಕುವವರೆಗೆ ಅವಳು ಇನ್ನೊಬ್ಬನ ಕೈ ಹಿಡಿಯುವಂತಿಲ್ಲ. ಹಿಡಿದರೆ ಹುಟ್ಟುವ ಮಕ್ಕಳಿಗೆ ತಲೆಮಾರುಗಟ್ಟಲೆ ಕಳಂಕ.

ಪಿಂಖಸ್ ಹಾಕಲಿಲ್ಲ. ದುಡ್ಡು ಕೇಳಿದನೇ? ಇಲ್ಲ. ಮನೆ ಕೇಳಿದನೇ? ಅದೂ ಇಲ್ಲ. ಕೇಳಿದ್ದರೆ ಶೈಂಡಲ್ ಮೈಮೇಲಿನ ಬಟ್ಟೆಯನ್ನಾದರೂ ಮಾರಿ ಕೊಡುತ್ತಿದ್ದಳು. ನಮ್ಮ ಧರ್ಮಗುರು ರಬ್ಬಿ ಟೌಬರ್ ಕರೆದು ಕೇಳಿದಾಗಲೆಲ್ಲ ಅವನದು ಒಂದೇ ರಾಗ: "ಮನಸ್ಸು ಇನ್ನೂ ಒಪ್ತಾ ಇಲ್ಲ ರಬ್ಬಿಗಳೇ. ಪ್ರಾರ್ಥನೆ ಮಾಡ್ತಾನೇ ಇದೀನಿ."

ಶೈಂಡಲ್ ಹುಟ್ಟಾ ಜಗಳಗಂಟಿಯಲ್ಲ. ಮಗುವಾಗಿದ್ದಾಗ ಪೋಲೆಂಡಿನಿಂದ ಹಡಗಿನಲ್ಲಿ ಮೆಲ್ಬರ್ನಿಗೆ ಬಂದವಳು. ತಾಯಿ ಫ್ಲಿಂಡರ್ಸ್ ಲೇನಿನಲ್ಲಿ ಕೋಟು ಹೊಲಿದಳು. ಶೈಂಡಲ್ ಬ್ರನ್ಸ್‌ವಿಕ್ಕಿನ ಸ್ವೆಟರ್ ಕಾರ್ಖಾನೆಯಲ್ಲಿ ಮೆಷಿನ್ನಿನ ಮುಂದೆ ಪ್ರಾಯ ಕಳೆದಳು. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಇನ್ನೇನು ಆಸೆ ಬಿಟ್ಟ ಹೊತ್ತಿಗೆ ಬ್ರಾಯ್ನಾ ಹುಟ್ಟಿದಳು. ಗಂಡ ಹರ್ಷಲ್ ತೀರಿಕೊಂಡ ಮೇಲೆ, ಬಲಕ್ಲಾವಾದ ರೈಲು ಸೇತುವೆಯ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಪ್ರಾರ್ಥನಾಮಂದಿರದ, ಅಂದರೆ ಶುಲ್‌ನ, ಅಡುಗೆಮನೆಯನ್ನು ಅವಳು ವಹಿಸಿಕೊಂಡಳು. ಪ್ರಾರ್ಥನೆ ಮುಗಿಸಿ ಬಂದವರ ಹೊಟ್ಟೆ ತುಂಬಿಸುವುದು, ಆಮೇಲೆ ಕಸ ಗುಡಿಸುವುದು, ಬೀಗ ಹಾಕುವುದು. ಇಷ್ಟೇ ಅವಳ ಬಾಳು. ಒಬ್ಬಳೇ ಮಗಳ ಬಾಳು ಕಣ್ಣೆದುರೇ ಸೊರಗುತ್ತಿದ್ದರೆ ಎಂಥವಳ ಹೊಟ್ಟೆಯಲ್ಲೂ ಕಿಚ್ಚು ಏಳುತ್ತದೆ. ಇವಳ ಹೊಟ್ಟೆಯಲ್ಲಿ ಎದ್ದ ಕಿಚ್ಚು ಏಳು ವರ್ಷ ಆರಲಿಲ್ಲ.

ಅದಕ್ಕೆ ವಾರ ವಾರವೂ ಎಣ್ಣೆ ಹೊಯ್ಯುತ್ತಿದ್ದವನು ಪಿಂಖಸನೇ. ತೋರಾ ಸುರುಳಿಯನ್ನು ವಾರಕ್ಕೊಂದು ಭಾಗದಂತೆ ವರ್ಷಕ್ಕೊಮ್ಮೆ ಓದಿ ಮುಗಿಸುವುದು ನಮ್ಮ ಪದ್ಧತಿ. ಓದಿಗೆ ಮುಂಚೆ, ಆ ವಾರದ ಭಾಗ ನಮ್ಮ ಬದುಕಿಗೆ ಏನು ಹೇಳುತ್ತದೆ ಎಂದು ಯಾರಾದರೂ ನಾಲ್ಕು ಮಾತಾಡುತ್ತಾರೆ. ನಮ್ಮ ಶುಲ್‌ನಲ್ಲಿ ಆ ನಾಲ್ಕು ಮಾತು ಪಿಂಖಸನ ಗುತ್ತಿಗೆ. ಕಾರ್ಲೈಲ್ ಬೀದಿಯಲ್ಲಿ ದೀಪದ ಅಂಗಡಿ ಇಟ್ಟಿದ್ದ ಅವನಿಗೆ ದೇವರು ಜೇನಿನಂಥ ಗಂಟಲು ಕೊಟ್ಟಿದ್ದ. ಅಬ್ರಹಾಮನ ಆತಿಥ್ಯದ ವಾರ ಅತಿಥಿಗಳ ಬಗ್ಗೆ, ರಾಹೇಲಳ ವಾರ ಹೆಂಡತಿಯ ಪ್ರೀತಿಯ ಬಗ್ಗೆ, ಗುಲಾಮರ ಬಿಡುಗಡೆಯ ವಾರ ಸ್ವಾತಂತ್ರ್ಯದ ಬಗ್ಗೆ! ಕೆಳಗೆ ಗಂಡಸರು ತಲೆದೂಗುತ್ತಿದ್ದರು. ಮೇಲೆ ಹೆಂಗಸರ ಅಟ್ಟದಲ್ಲಿ ಶೈಂಡಲ್ ಹಲ್ಲು ಕಡಿಯುತ್ತಿದ್ದಳು. "ಓದೋದು ಶಾಸ್ತ್ರ, ಹಾಕೋದು ಗಾಳ. ಇವನ ನಾಲಿಗೆ ಸೇದಿಹೋಗ!" ಎಂದು ಪಕ್ಕದ ಫ್ರೂಮೆಟ್ಟಳ ಕಿವಿಯಲ್ಲಿ ಹೇಳಿದರೆ, ಫ್ರೂಮೆಟ್, "ಶ್! ಸುಮ್ನಿರಿ ಶೈಂಡಲಕ್ಕ, ಸುರುಳಿ ಹೊರಗಿದೆ," ಎಂದು ಗದರುತ್ತಿದ್ದಳು.

ನಮ್ಮ ಪಂಚಾಂಗದ ಹೊಸ ವರ್ಷಕ್ಕೆ ಹಿಂದಿನ ತಿಂಗಳು ಬಂತು. ಎಲ್ಲರೂ ಎಲ್ಲರ ಕ್ಷಮೆ ಕೇಳುವ ತಿಂಗಳು. ಚಳಿ ಹಿಂಜರಿದು, ಬೇಲಿಗಳ ಮೇಲೆ ವ್ಯಾಟಲ್ ಹೂ ಹಳದಿಯಾಗಿ ಅರಳಿತ್ತು. ಬ್ರಾಯ್ನಾಳನ್ನು ಒಬ್ಬ ಕಣ್ಣಿನ ವೈದ್ಯ ಮೆಚ್ಚಿದ್ದ. ಒಳ್ಳೆಯವನು, ಹೆಂಡತಿ ಸತ್ತವನು. ಸೋಡಚೀಟಿ ಇಂದು ಬಂದೀತು, ನಾಳೆ ಬಂದೀತು ಎಂದು ಎರಡು ವರ್ಷ ಕಾದಿದ್ದ. ಆ ವಾರ ಅವನಿಗೆ ಸಿಡ್ನಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತೆಂದು ಸುದ್ದಿ ಬಂತು. ಬ್ರಾಯ್ನಾ ಅಳಲಿಲ್ಲ. "ಅವರಾದ್ರೂ ಸುಖವಾಗಿರ್ಲಿ ಬಿಡಮ್ಮ," ಎಂದು ಹೇಳಿ ಸುಮ್ಮನೆ ಪಾತ್ರೆ ತೊಳೆದಳು. ಅತ್ತಿದ್ದರೇ ಶೈಂಡಲ್ ತಡೆದುಕೊಳ್ಳುತ್ತಿದ್ದಳೇನೋ.

ಆ ಶನಿವಾರದ ಭಾಗದಲ್ಲಿ ಹಕ್ಕಿಗೂಡಿನ ಕಟ್ಟಳೆ ಬರುತ್ತದೆ. ಸೋಡಚೀಟಿಯ ಕಟ್ಟಳೆಯೂ ಅದೇ ಭಾಗದಲ್ಲಿದೆ. ಪಿಂಖಸ್ ಯಾವುದನ್ನು ಆರಿಸಿಕೊಂಡ ಎಂದು ಬೇರೆ ಹೇಳಬೇಕೆ?

"ದಾರೀಲಿ ಹಕ್ಕಿಗೂಡು ಕಂಡ್ರೆ ತಾಯಿನ ಮೊದಲು ಹಾರಿಬಿಡು, ಮರಿ ಆಮೇಲೆ ತಗೋ ಅಂತಾನೆ ದೇವರು," ಎಂದ ಅವನು, ಸುರುಳಿಯ ಮೇಜಿನ ಪಕ್ಕ ನಿಂತು. "ಯಾಕೆ ಹೇಳಿ? ಮರಿಗೆ ಆಗೋದನ್ನ ಹೆತ್ತವಳು ಕಣ್ಣಾರೆ ನೋಡಬಾರದು ಅಂತ. ಒಂದು ಗುಬ್ಬಿಯ ಹೆತ್ತ ಕರುಳಿಗೇ ಇಷ್ಟು ಮರುಗೋ ಧರ್ಮ ನಮ್ದು. ಮನುಷ್ಯರ ಹೆತ್ತ ಕರುಳಿಗೆ ನಾವು ಇನ್ನೆಷ್ಟು ಮರುಗಬೇಕು!" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಿಜವಾದ ನೀರು ಬಂದಿತ್ತು, ಪಾಪಿಗೆ.

ಶೈಂಡಲ್ ಎದ್ದಳು. ಫ್ರೂಮೆಟ್ ಸೆರಗು ಜಗ್ಗಿದಂತೆ ಅವಳ ಶಾಲಿನ ತುದಿ ಹಿಡಿದೆಳೆದಳು. ಶಾಲು ಫ್ರೂಮೆಟ್ಟಳ ಕೈಯಲ್ಲೇ ಉಳಿಯಿತು. ಮರದ ಮೆಟ್ಟಿಲು ದಡದಡ ಇಳಿದು, ಗಂಡಸರ ಬೆಂಚುಗಳ ನಡುವೆ ನುಗ್ಗಿ, ಮೇಜಿನ ಮೇಲೆ ಅಂಗೈಯಿಂದ ಪಟಾರನೆ ಹೊಡೆದಳು.

"ಶೈಂಡಲಕ್ಕಾ!" ಎಂದು ಕೂಗಿದ ಗೇಟ್ಸಲ್. ನಮ್ಮ ಶುಲ್‌ನಲ್ಲಿ ಓದಲು ಜನರನ್ನು ಹೆಸರು ಹಿಡಿದು ಕರೆಯುವವನೂ ಅವನೇ, ಸುರುಳಿ ಓದುವವನೂ ಅವನೇ. "ಇದು ಗಂಡಸರ ಜಾಗ!"

"ಗೊತ್ತು ಕಣೋ. ವಾರಾ ವಾರಾ ಈ ಜಾಗ ಗುಡಿಸೋಳು ನಾನೇ. ನಾನು ಓದು ತಡೀತಿದೀನಿ. ನನಗೆ ಅನ್ಯಾಯ ಆಗಿದೆ. ಅದಕ್ಕೆ ಉತ್ತರ ಸಿಗೋವರೆಗೂ ಇವತ್ತು ಸುರುಳಿ ಓದೋ ಹಾಗಿಲ್ಲ."

ಅನ್ಯಾಯವಾದವರು ಮೇಜು ಬಡಿದು ಓದು ತಡೆಯಬಹುದು, ಇಡೀ ಊರು ಅವರ ದೂರು ಕೇಳಲೇಬೇಕು ಎಂಬ ಕಟ್ಟಳೆ ಹಳೆಯ ಪೋಲೆಂಡಿನಲ್ಲಿತ್ತು. ಬಟ್ಟೆ ಒಗೆಯುವ ವಿಧವೆಯೊಬ್ಬಳು ಹಿಟ್ಟಿನ ಗಿರಣಿಯ ಯಜಮಾನನನ್ನು ಹಾಗೆ ನಿಲ್ಲಿಸಿ ಕೇಳಿದ್ದನ್ನು ಶೈಂಡಲ್‌ಗೆ ಅವಳ ತಾಯಿ ಹೇಳಿದ್ದಳು. ಮೆಲ್ಬರ್ನಿನಲ್ಲಿ ಅದನ್ನು ಕಂಡವರಿರಲಿಲ್ಲ. ಎಲ್ಲರೂ ರಬ್ಬಿಯ ಮುಖ ನೋಡಿದರು.

"ಕಟ್ಟಳೆ... ಇದೆ," ಎಂದರು ರಬ್ಬಿ ಟೌಬರ್, ಗಡ್ಡ ಸವರಿಕೊಳ್ಳುತ್ತ. ಒಳ್ಳೆಯ ಮನುಷ್ಯ, ಆದರೆ ಬೆನ್ನುಮೂಳೆ ಇಲ್ಲದವರು. "ಇಲ್ಲ ಅನ್ನಲ್ಲ. ಆದ್ರೆ ಶೈಂಡಲಮ್ಮ, ಸಬ್ಬತ್ ಮುಗೀಲಿ, ಆಮೇಲೆ ಕೂತು..."

"ಆಮೇಲೆ! ನಿಮ್ಮ ಆಮೇಲೆ ಕೇಳಿ ಕೇಳಿ ನನ್ನ ಮಗಳ ತಲೆ ನೆರೀತು ರಬ್ಬಿಗಳೇ. ಗುಬ್ಬಿಗೆ ಅಳ್ತಾನಲ್ಲ ಇವನು, ನನ್ನ ಮರಿ ಬಿಡು ಅಂತ ಹೇಳಿ! ಸೋಡಚೀಟಿ ಕೊಡ್ತೀನಿ ಅಂತ ಇಲ್ಲೇ, ಈಗಲೇ ಮಾತು ಕೊಡ್ಲಿ. ಅಲ್ಲೀವರೆಗೂ ನಾನು ಈ ಮೇಜು ಬಿಟ್ಟು ಕದಲೋಳಲ್ಲ."

ಪಿಂಖಸ್ ಮೆಲ್ಲಗೆ ನಕ್ಕ. "ಅತ್ತೆಗೆ ಮೈ ಹುಷಾರಿಲ್ಲ ಅನ್ಸುತ್ತೆ. ಯಾರಾದ್ರೂ ನೀರು ಕೊಡಿ."

"ಏಳು ವರ್ಷ ನೀನು ಕುಡಿಸಿದ ಕಣ್ಣೀರೇ ಸಾಕು, ಕೂತ್ಕೋ."

ಅವನು ಕೂತ. ಅವಳು ನಿಂತಳು. ಮೊದಲು ಗಂಡಸರೆಲ್ಲ ಅವಳ ಮೇಲೇ ರೇಗಿದರು. ಹೆಂಗಸಿಗೆ ಇಷ್ಟು ಸೊಕ್ಕೇ, ದೇವರ ಮುಂದೆ ಇದೆಂಥ ಬೀದಿರಂಪ, ಮಗಳನ್ನು ಸರಿಯಾಗಿ ಬೆಳೆಸಿದ್ದರೆ ಇದೆಲ್ಲ ಬರುತ್ತಿತ್ತೇ. ಅವಳು ಕೇಳಿಸಿಕೊಂಡಳು, ಕೈ ತೆಗೆಯಲಿಲ್ಲ. ಹೊತ್ತು ಏರಿತು. ಊಟದ ಹೊತ್ತಾಯಿತು, ಮೀರಿತು. ಕೆಳಗಿನ ಅಡುಗೆಮನೆಯಿಂದ ಚೋಲೆಂಟಿನ ಪರಿಮಳ ಬಾಗಿಲ ಸಂದಿಯಲ್ಲಿ ನುಸುಳಿ ಬೆಂಚು ಬೆಂಚಿಗೂ ಹೋಗಿ ಮೂಗು ಮುಟ್ಟಿತು. ಆಗ ಯಾರಿಗೋ ನೆನಪಾಯಿತು, ಅಡುಗೆಮನೆಯ ಬೀಗದ ಕೈ ಶೈಂಡಲ್‌ಳ ಕೊರಳ ದಾರದಲ್ಲಿದೆ ಎಂದು.

"ಪಿಂಖಸ್," ಎಂದ ಮುಂದಿನ ಬೆಂಚಿನ ಮುದುಕನೊಬ್ಬ, "ನನಗೆ ಸಕ್ಕರೆ ಕಾಯಿಲೆ ಕಣಯ್ಯಾ. ಕೈ ನಡುಗ್ತಿದೆ."

"ಅದಕ್ಕೆ ನಾನೇನ್ ಮಾಡ್ಲಿ?"

"ಚೀಟಿ ಕೊಡು, ಇನ್ನೇನ್ ಮಾಡ್ತೀಯಾ! ಆ ಹುಡುಗಿನ ಉಪ್ಪು ಹಾಕಿ ಇಟ್ಕೊಂಡು ಏನ್ ಮಾಡ್ಬೇಕು ನೀನು?"

"ಹೌದಲ್ಲಯ್ಯ," ಎಂದಿತು ಹಿಂದಿನ ಬೆಂಚು. "ನಾನು ಮೊದಲಿಂದ್ಲೂ ಹೇಳ್ತಿದ್ದೆ, ಇದು ಸರಿಯಲ್ಲ ಅಂತ." ಎಲ್ಲಿ ಹೇಳಿದ್ದ, ಅವನ ತಲೆ! ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಏಳು ವರ್ಷ ನ್ಯಾಯಕ್ಕೆ ಹಸಿಯದ ಹೊಟ್ಟೆಗಳು ಒಂದು ಮಧ್ಯಾಹ್ನ ಚೋಲೆಂಟಿಗೆ ಹಸಿದವು. ಪಿಂಖಸ್ ಒಬ್ಬೊಬ್ಬರ ಮುಖ ನೋಡಿದ. ಪ್ರತಿ ವಾರ ತಲೆದೂಗುತ್ತಿದ್ದವರಲ್ಲಿ ಒಬ್ಬನೂ ಈಗ ಅವನತ್ತ ನೋಡಲಿಲ್ಲ. ಬಿಳಿಚಿಕೊಂಡು ಎದ್ದು ನಿಂತ. "ಆಯ್ತು. ಕೊಡ್ತೀನಿ. ಎಲ್ಲರ ಮುಂದೆ ಮಾತು ಕೊಟ್ಟಿದೀನಿ."

ಅಂದು ಚೋಲೆಂಟ್ ಇಡೀ ಹಂಡೆಯೇ ತಳ ಹತ್ತಿತ್ತು. ಯಾರೂ ತಕರಾರು ಮಾಡಲಿಲ್ಲ. ಪಿಂಖಸ್ ಊಟಕ್ಕೆ ನಿಲ್ಲಲಿಲ್ಲ. ಶೈಂಡಲ್ ಬಹಳ ದಿನಗಳ ಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು.

ಮರುದಿನ ರಬ್ಬಿಯ ಕೋಣೆಯಲ್ಲಿ ತಾಯಿ ಮಗಳು, ಗೇಟ್ಸಲ್, ಪಿಂಖಸ್ ಸೇರಿದರು. ಪಿಂಖಸ್ ಒಗೆದ ಅಂಗಿ ತೊಟ್ಟು, ಜೇನುಗಂಟಲನ್ನೂ ಮರಳಿ ಸಜ್ಜು ಮಾಡಿಕೊಂಡು ಬಂದಿದ್ದ.

"ರಬ್ಬಿಗಳೇ, ರಾತ್ರಿಯಿಡೀ ಒಂದು ಧರ್ಮಸಂಕಟ," ಎಂದ. "ಗಂಡ ತಾನಾಗಿ ಒಪ್ಪಿ ಕೊಡಬೇಕಲ್ಲವೇ? ಬಲವಂತದ ಚೀಟಿ ಚೀಟಿಯೇ ಅಲ್ಲ, ಅಲ್ಲವೇ? ಪಂಚರು ಕೂತು 'ಯಾರಾದ್ರೂ ಬಲವಂತ ಮಾಡಿದ್ರಾ' ಅಂತ ಕೇಳಿದ್ರೆ ನಾನು ಹ್ಯಾಗೆ ಸುಳ್ಳು ಹೇಳ್ಲಿ? ಓದು ತಡೆದದ್ದನ್ನ ಊರೇ ನೋಡಿದೆ."

ರಬ್ಬಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಅಯ್ಯೋ ಹಾಳು ಸಿಟ್ಟೇ! ಅವನನ್ನು ಎಲ್ಲರೆದುರು ಬಗ್ಗಿಸುವ ಆತುರದಲ್ಲಿ, ಸಣ್ಣ ಮಗುವಿಗೂ ಗೊತ್ತಿರುವ ಈ ಶಾಸ್ತ್ರವನ್ನು ಶೈಂಡಲ್ ಮರೆತಿದ್ದಳು. ಅವನು 'ಬಲವಂತವಾಯ್ತು' ಎಂದು ಒಂದು ಮಾತು ಹೇಳಿದರೆ ಸಾಕು, ಬ್ರಾಯ್ನಾ ಸಾಯುವವರೆಗೂ ಇವನ ಹೆಂಡತಿ.

"ಆದ್ರೆ," ಎಂದ ಪಿಂಖಸ್, ಅವಳತ್ತ ತಿರುಗಿ, "ಅತ್ತೆ ನನ್ನ ಕ್ಷಮೆ ಕೇಳಿದ್ರೆ ನನ್ನ ಮನಸ್ಸೂ ತಿಳಿಯಾಗುತ್ತೆ. ಆಗ ನಾನಾಗೇ, ಸಂತೋಷವಾಗಿ ಕೊಟ್ಟ ಹಾಗೇ. ಇನ್ನು ಮುಂದೆ ನನ್ನ ವಿಷಯದಲ್ಲಿ ಒಂದು ಮಾತೂ ಆಡಲ್ಲ, ಶುಲ್‌ನಲ್ಲಾಗಲಿ ಬೀದೀಲಾಗಲಿ, ಅಂತ ನಿಮ್ಮ ಮುಂದೆ ಮಾತು ಕೊಡ್ಲಿ. ಅಷ್ಟೇ. ಇನ್ನೇನೂ ಬೇಡ ನನಗೆ."

"ಬೇಡಮ್ಮಾ!" ಎಂದು ಬ್ರಾಯ್ನಾ ಚೀರಿದಳು. "ಇವನ ಕಾಲು ಹಿಡಿಯೋದು ಬೇಡ. ನಾನು ಹೀಗೇ ಇರ್ತೀನಿ."

"ಬಾಯ್ಮುಚ್ಚು," ಎಂದಳು ಶೈಂಡಲ್. ಮಗಳ ನೆರೆತ ಬೈತಲೆಯನ್ನೊಮ್ಮೆ ನೋಡಿದಳು. ಕುರ್ಚಿಯಿಂದ ಎದ್ದು ನಿಂತಳು. "ತಪ್ಪಾಯ್ತಪ್ಪ, ಪಿಂಖಸ್. ಹೆತ್ತ ಸಂಕಟಕ್ಕೆ ಹಾಗೆ ಮಾಡ್ದೆ. ಕ್ಷಮಿಸು. ಇನ್ನು ನಿನ್ನ ವಿಷಯದಲ್ಲಿ ಒಂದು ಮಾತೂ ಆಡಲ್ಲ." ಪ್ರತಿ ಮಾತೂ ಮೀನಿನ ಮುಳ್ಳಿನಂತೆ ಗಂಟಲು ಗೀರಿಕೊಂಡು ಹೊರಬಂತು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅತ್ತೆ," ಎಂದ ಅವನು. ಅದೇ ನಗು.

ಬುಧವಾರ ಪಂಚರು ಕೂತರು. ಬರೆಯುವವ ಹಕ್ಕಿಯ ಗರಿ ಅದ್ದಿ ಅದ್ದಿ ಒಂದೊಂದಕ್ಷರ ಬರೆದ. ಯಾರಾದರೂ ಬಲವಂತ ಮಾಡಿದರೇ ಎಂದು ಕೇಳಿದ್ದಕ್ಕೆ ಪಿಂಖಸ್ ಎದೆಯ ಮೇಲೆ ಕೈಯಿಟ್ಟು "ಇಲ್ಲ, ನನ್ನ ಸಂತೋಷಕ್ಕೆ," ಎಂದ. ಬ್ರಾಯ್ನಾ ಬೊಗಸೆ ಒಡ್ಡಿದಳು. ಅವನು ಮೇಲಿನಿಂದ ಚೀಟಿ ಬೀಳಿಸಿದ. ಅವಳು ಅದನ್ನು ಎದೆಗವಚಿಕೊಂಡು ಬಾಗಿಲವರೆಗೆ ನಡೆದು ತಿರುಗಿದಳು. ಅಲ್ಲಿಗೆ ಮುಗಿಯಿತು. ಪಂಚರು ಚೀಟಿಯನ್ನು ಅಡ್ಡಡ್ಡ ಕತ್ತರಿಸಿ ತಮ್ಮಲ್ಲಿಟ್ಟುಕೊಂಡರು. ಇನ್ನು ಪಿಂಖಸನೇ ಬಂದು ಹೊರಳಾಡಿದರೂ ಅದು ವಾಪಸ್ಸಾಗುವಂಥದ್ದಲ್ಲ. ಮನೆಗೆ ಬರುತ್ತ ಟ್ರಾಮಿನಲ್ಲಿ ಬ್ರಾಯ್ನಾ, "ಅಮ್ಮ, ನಂಗೆ ಭಾರಿ ಹಸಿವಾಗ್ತಿದೆ," ಎಂದು ನಕ್ಕಳು. ಅವಳು ನಕ್ಕದ್ದನ್ನು ಕಂಡು ಶೈಂಡಲ್ ಅತ್ತಳು.

ಇಷ್ಟಕ್ಕೆ ಸುಮ್ಮನಾಗಬೇಕಿತ್ತು. ಊರು ಬಿಡಲಿಲ್ಲ. ಮೀನಿನ ಅಂಗಡಿಯವ ಕಾರ್ಪ್ ಮೀನು ಕಟ್ಟಿಕೊಡುತ್ತ, "ನಿಮ್ಮ ಅಳಿಯಂದು ಎಂಥಾ ದೊಡ್ಡ ಮನಸ್ಸು! ಅಷ್ಟು ಅವಮಾನ ಆದ್ರೂ ನಗ್‌ನಗ್ತಾ ಕೊಟ್ಬಿಟ್ರಂತಲ್ಲ!" ಎಂದ. ಬ್ರೆಡ್ಡಿನ ಅಂಗಡಿಯಲ್ಲೂ ಅದೇ. ಶೈಂಡಲ್‌ಗೆ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶುಕ್ರವಾರ ಅಡುಗೆಮನೆಗೆ ಬಂದ ಗೇಟ್ಸಲ್ ತಲೆ ಕೆರೆಯುತ್ತ ಹೇಳಿದ: "ಬೇಜಾರು ಮಾಡ್ಕೋಬೇಡಿ ಶೈಂಡಲಕ್ಕ. ನಾಳೆ ಪಿಂಖಸನ್ನ ಸುರುಳಿ ಹತ್ರ ಕರೀಬೇಕು ಅಂತ ಎಲ್ಲರೂ ಅಂತಿದಾರೆ. ಗೌರವಕ್ಕೆ. ಏಳು ಸರದಿಯಲ್ಲಿ ಐದನೇದು. ಅದು ಒಳ್ಳೇ ಆಶೀರ್ವಾದದಲ್ಲಿ ಮುಗಿಯುತ್ತೆ ನೋಡಿ."

"ಕರಿಯಪ್ಪ. ನಾನು ಮಾತಾಡೋ ಹಾಗಿಲ್ಲವಲ್ಲ," ಎಂದು ಅವಳು ಈರುಳ್ಳಿಯನ್ನು ಕೊಚ್ಚಿದಳು.

ಮಗಳು ಕೇಳಿಸಿಕೊಂಡು ಹತ್ತಿರ ಬಂದಳು. "ಬಿಟ್ಟುಬಿಡಮ್ಮ. ಸಿಗಬೇಕಾದ್ದು ಸಿಕ್ತು."

"ನಿನಗೆ ಸಿಕ್ತು. ನನಗೆ ಸಿಕ್ಕಿಲ್ಲ," ಎಂದಳು ಶೈಂಡಲ್.

ಶನಿವಾರ ಶುಲ್ ತುಂಬಿತ್ತು. ಗೇಟ್ಸಲ್ ಪಿಂಖಸನನ್ನು ತಂದೆಯ ಹೆಸರಿನೊಂದಿಗೆ ಕರೆದ. ಅವನು ಬಿಳಿ ಶಾಲು ಹೊದ್ದು ಮೇಜಿನ ಬಳಿ ಬಂದು, ಅಟ್ಟದತ್ತ ಒಮ್ಮೆ ಕಣ್ಣು ಹಾಯಿಸಿ ಮಂತ್ರ ಹೇಳಿದ. ಓದು ಶುರುವಾಯಿತು. ಶೈಂಡಲ್ ತೊಡೆಯ ಮೇಲಿನ ಪುಸ್ತಕದಲ್ಲಿ ಬೆರಳಿಟ್ಟು ಸಾಲು ಹಿಡಿದಳು. ತಲೆಯಲ್ಲಿ ಬೇರೇನೂ ಯೋಚನೆ ಇರಲಿಲ್ಲ, ಬರೀ ಉರಿ. ವಾಗ್ದಾನದ ನಾಡಿಗೆ ಕಾಲಿಟ್ಟಾಗ ಗುಡ್ಡದ ಮೇಲೆ ನಿಂತು ಕೂಗಬೇಕಾದ ಶಾಪಗಳು ಅವು. ನೆರೆಯವನ ಗಡಿಕಲ್ಲು ಸರಿಸುವವನು ಶಾಪಗ್ರಸ್ತ, ಜನರೆಲ್ಲರೂ ಆಮೆನ್, ಹಾಗೇ ಆಗಲಿ, ಅನ್ನಬೇಕು. ಕುರುಡನ ದಾರಿ ತಪ್ಪಿಸುವವನು ಶಾಪಗ್ರಸ್ತ, ಜನರೆಲ್ಲರೂ ಆಮೆನ್ ಅನ್ನಬೇಕು.

ಎಷ್ಟೋ ವರ್ಷದಿಂದ ಕೇಳಿದ ಸಾಲು. ಯಾರೂ ಆಮೆನ್ ಅನ್ನುವುದಿಲ್ಲ, ಸುಮ್ಮನೆ ಕೇಳುತ್ತಾರೆ. ಅವಳ ಬೆರಳು ನಿಂತಿತು. ಜನರೆಲ್ಲರೂ, ಎಂದಿದೆ. ಗಂಡಸರೆಲ್ಲರೂ ಎಂದಿಲ್ಲ.

"ಅನಾಥರ, ವಿಧವೆಯರ ನ್ಯಾಯ ಕೆಡಿಸುವವನು ಶಾಪಗ್ರಸ್ತ," ಎಂದು ಓದಿದ ಗೇಟ್ಸಲ್.

"ಆಮೆನ್!" ಎಂದಳು ಶೈಂಡಲ್.

ಕೆಳಗಿನ ತಲೆಗಳೆಲ್ಲ ಮೇಲೆ ತಿರುಗಿದವು. ಗೇಟ್ಸಲ್ ಸಾಲು ತೋರುವ ಬೆಳ್ಳಿ ಕಡ್ಡಿಯನ್ನು ಅಲ್ಲೇ ನಿಲ್ಲಿಸಿದ. ಪಿಂಖಸ್ ರಬ್ಬಿಯತ್ತ ತಿರುಗಿ, "ಮಾತು ಕೊಟ್ಟಿದ್ರು, ನಿಮ್ಮ ಮುಂದೇನೇ!" ಎಂದು ಪಿಸುಗುಟ್ಟಿದ. ರಬ್ಬಿ ತಮ್ಮ ಪುಸ್ತಕ ನೋಡಿದರು, ಅವನನ್ನು ನೋಡಿದರು. ಯಾವ ದೇವರು ಅಂದು ಅವರಿಗೆ ಬೆನ್ನುಮೂಳೆ ಕೊಟ್ಟನೋ! "ಅವಳು ಹೇಳಿದ ಮಾತಲ್ಲವಯ್ಯ ಅದು. ಇಲ್ಲಿ ಬರೆದಿದೆ," ಎಂದರು. "ಓದು ಗೇಟ್ಸಲ್."

ಗೇಟ್ಸಲ್ ಓದಿದ. ಮುಂದಿನ ಶಾಪಕ್ಕೆ ಫ್ರೂಮೆಟ್ಟಳ ದನಿ ಸೇರಿತು. ಅದರ ಮುಂದಿನದಕ್ಕೆ ಹಿಂದಿನ ಸಾಲಿನ ಹೆಂಗಸರದು. ಸುರುಳಿಯ ಹತ್ತಿರ ಕರೆದವನು ಓದು ಮುಗಿಯುವವರೆಗೆ ಕದಲುವಂತಿಲ್ಲ. ಪಿಂಖಸ್ ಮೇಜಿನ ಮರದ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದ. ಅವನ ಕಿವಿ ಕೆಂಡದಂತಾಗಿತ್ತು.

"ಗುಟ್ಟಾಗಿ ತನ್ನವರನ್ನು ಹೊಡೆಯುವವನು ಶಾಪಗ್ರಸ್ತ."

ಇದಕ್ಕೆ ಶೈಂಡಲ್ ಬಾಯಿ ತೆರೆಯುವಷ್ಟರಲ್ಲೇ ಪಕ್ಕದಲ್ಲಿ ಬ್ರಾಯ್ನಾ ಎದ್ದು ನಿಂತು ಬಿಟ್ಟಿದ್ದಳು. "ಆಮೆನ್!" ಏಳು ವರ್ಷದಲ್ಲಿ ಆ ಹುಡುಗಿ ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಇಡೀ ಅಟ್ಟ ಎದ್ದು ಕೂಗಿತು. ಕೆಳಗಿನಿಂದ ಸಕ್ಕರೆ ಕಾಯಿಲೆಯ ಮುದುಕನೂ ಕೂಗಿದ. ಏಳು ವರ್ಷದ ಹಿಂದೆ ಅವಳ ಬಟ್ಟೆಯಡಿ ಎಂಥ ಬಾಸುಂಡೆಗಳಿದ್ದವೆಂಬುದು ಆ ಒಂದು ಕೂಗಿನಲ್ಲಿ ಎಲ್ಲರಿಗೂ ತಿಳಿದುಹೋಯಿತು.

ಶಾಪ ಮುಗಿದು ಆಶೀರ್ವಾದಗಳು ಬಂದವು. ಊರಲ್ಲಿ ನಿನಗೆ ಶುಭವಾಗಲಿ, ಹೊಲದಲ್ಲಿ ನಿನಗೆ ಶುಭವಾಗಲಿ, ನೀನು ಒಳಗೆ ಬರುವಾಗ, ಹೊರಗೆ ಹೋಗುವಾಗ ಶುಭವಾಗಲಿ. ಗೇಟ್ಸಲ್ ಓದುತ್ತ ಹೋದ. ಅಟ್ಟ ಗಪ್‌ಚಿಪ್. ಹೆಂಗಸರು ಒಬ್ಬೊಬ್ಬರಾಗಿ ಪುಸ್ತಕ ಮುಚ್ಚಿ ಕೂತರು. ಓದು ಮುಗಿದ ಮೇಲೆ ಪಿಂಖಸ್ ಒಡೆದ ದನಿಯಲ್ಲಿ ಕೊನೆಯ ಮಂತ್ರ ಹೇಳಿ, ಪದ್ಧತಿಯಂತೆ ಜನ ಆಮೆನ್ ಅನ್ನಲಿ ಎಂದು ತಲೆಯೆತ್ತಿ ಕಾದ. ಶೈಂಡಲ್ ಅವನನ್ನೇ ನೋಡುತ್ತ ಕೂತಿದ್ದಳು, ಒಂದು ಮಾತೂ ಆಡಲಿಲ್ಲ.